ಹುಲಿಗೆವ್ವ ಹಂಡೆ ಬಡಿದದ್ದು

ಹೊಳೆಗಳಿಗೆ ಇನ್ನೂ ಸೇತುವೆ ಇಲ್ಲದ ಒಂದಾನೊಂದು ಕಾಲದಲ್ಲಿ ಒಂದು ದೊಡ್ಡ ಹೊಳೆ ಇತ್ತಂತೆ, ಹೊಳೆಗೆ ಈಚೆ ಒಂದು ಊರಂತೆ, ಆಚೆ ಒಂದು ಊರಂತೆ, ಈಚೆ ಊರಲ್ಲಿ ಹುಲಿಗೆವ್ವ ಅಂತ ಒಬ್ಬಳು ಹರಿಗೋಲು ನಡೆಸ್ತಿದ್ದಳಂತೆ. ಹರಿಗೋಲು ಅಂದರೆ ದೊಡ್ಡ ಬುಟ್ಟಿ ಥರ ಕಣೇ ಮೇದಿನಿ, ಬಿದಿರು ಹೆಣೆದು ತಳಕ್ಕೆ ಚರ್ಮ ಹೊದಿಸಿರ್ತಾರೆ. ಕಾಲು ಒಳಗೆ ಎಳ್ಕೋ, ಹೊದಿಕೆ ಒದೀಬೇಡ. ಈ ಕತೆ ನನಗೆ ಹೇಳಿದ್ದು ನಮ್ಮತ್ತೆ. ನಾನು ಕಾಲೇಜು ಓದಿ ಬಂದ ಸೊಸೆ, ಕೇಳಿದ್ದನ್ನ ಕೇಳಿದ ಹಾಗೇ ಬರೆದಿಡೋಳು. ಇದರಲ್ಲಿ ನಾನಾಗಿ ಸೇರಿಸಿದ್ದು ಒಂದು ಮಾತೂ ಇಲ್ಲ. ಹುಲಿಗೆವ್ವ ನಮ್ಮ ಮನೆತನದೋಳೇ, ನಿನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಹಿಂದಿನೋಳು.

ಅವಳ ಗಂಡ ತೀರಿಹೋಗಿದ್ದನಂತೆ. ಇದ್ದೋಳು ನೀಲವ್ವ ಅಂತ ಒಬ್ಬಳೇ ಮಗಳು, ಹೆರಿಗೆಗೆ ಅಂತ ತವರಿಗೆ ಬಂದಿದ್ದಳಂತೆ. ಹರಿಗೋಲು ನಡೆಸೋರ ಮನೆಗೆ ಒಂದು ಕಟ್ಟಳೆ ಇತ್ತು. ಆಚೆ ದಡದಲ್ಲಿ ಯಾರೇ ನಿಂತು ಕೂಗಲಿ, ಮೊದಲನೇ ಕೂಗಿಗೆ ಹುಟ್ಟು ಕೈಗೆ ತಗೋಬೇಕು, ಎರಡನೇ ಕೂಗಿಗೆ ದಡಕ್ಕೆ ಬಂದು ಓ ಅನ್ನಬೇಕು, ಮೂರನೇ ಕೂಗಿಗೆ ಹರಿಗೋಲು ನೀರಲ್ಲಿರಬೇಕು. ಹೊಳೆ ತುಂಬಿ ಹರಿಗೋಲು ಬಿಡೋಕೆ ಆಗಲ್ವಾ, ಬಿಡಬೇಡ, ಆದರೆ ಓ ಅನ್ನೋದನ್ನ ಮಾತ್ರ ತಪ್ಪಿಸೋ ಹಾಗಿಲ್ಲ. ಹುಲಿಗೆವ್ವ ಇದನ್ನ ಒಂದು ದಿನವೂ ತಪ್ಪಿಸಿರಲಿಲ್ಲವಂತೆ. ಒಬ್ಬರನ್ನ ದಾಟಿಸಿ ಬಂದರೆ ಗೋಡೆ ಮೇಲೆ ಕೆಮ್ಮಣ್ಣಿನ ಒಂದು ಗೀಟು. ಆ ಗೀಟುಗಳು ಬಾಗಿಲಿಂದ ಶುರುವಾಗಿ ಒಲೆ ಹತ್ತಿರದವರೆಗೂ ಬಂದಿದ್ದವಂತೆ. ಸಂತೆಗೆ ಹೋಗೋರು ಕಂಡರೆ ಸಾಕು, ನೋಡ್ರವ್ವ ನಮ್ಮ ಗೋಡೆ, ನಮ್ಮನೇಲಿ ಒಂದು ಕೂಗೂ ವ್ಯರ್ಥ ಆಗಿಲ್ಲ ಅಂತ ಸೆರಗು ಬಿಗಿದು ಹೇಳೋಳಂತೆ. ಜನಕ್ಕೆ ಅವಳ ಜಂಬ ನೋಡಿ ಒಳಗೊಳಗೇ ನಗು.

ಅದೇ ಊರಲ್ಲಿ ದುರುಗವ್ವ ಅಂತ ಒಬ್ಬಳು ಸೂಲಗಿತ್ತಿ ಇದ್ದಳಂತೆ. ಹೆರಿಗೆ ಮಾಡಿಸೋಳು. ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದೋರು, ಹುಲಿಗೆವ್ವನ ಮಗಳು ನೀಲವ್ವನೂ ಹಾಗೇ. ಅವಳದು ಎಂಥ ಗಂಟಲು ಅಂದರೆ, ತಿಣುಕೇ ಮಗಳೇ ಅಂತ ಒಂದು ಮನೇಲಿ ಕೂಗಿದರೆ ಪಕ್ಕದ ಓಣಿ ಎಮ್ಮೆನೂ ತಿಣುಕುತ್ತೆ ಅಂತ ಜನ ಆಡ್ಕೊಳ್ತಿದ್ದರಂತೆ. ಒಂದು ದಿನ ಆಚೆ ಊರಿಂದ ಹೆರಿಗೆಗೆ ಕರೆ ಬಂತಂತೆ. ಹುಲಿಗೆವ್ವನೇ ಅವಳನ್ನ ದಾಟಿಸಿದಳು. ಇಳಿಯುವಾಗ ದುರುಗವ್ವ, ಮೂರನೇ ದಿನ ಇಳಿಹೊತ್ತಿಗೆ ಬಂದು ಕೂಗ್ತೀನಿ ಕಣೆ ಹುಲಿಗಿ, ನಿನ್ನ ಮಗಳಿಗೆ ಇನ್ನೂ ಒಂದೂವರೆ ತಿಂಗಳಿದೆ, ಸುಮ್ಮನೆ ಹೆದರಬೇಡ ಅಂದು ಹೋದಳಂತೆ.

ಆಮೇಲೆ ಏನಾಯ್ತು ಅಂದರೆ, ಎರಡನೇ ದಿನ ಸುದ್ದಿ ಬಂತಂತೆ, ಆಚೆ ಸೀಮೇಲಿ ಒಂದು ಕೆಟ್ಟ ಜ್ವರ ಎದ್ದಿದೆ, ಬೆಳಿಗ್ಗೆ ಹಿಡಿದರೆ ಸಂಜೆಗೆ ಮಾತಿಲ್ಲ, ಮನೆಗೆ ಮನೆಯೇ ಮಲಗಿದೆ ಅಂತ. ಊರ ಗೌಡ ಭರಮಗೌಡ ಕಟ್ಟೆ ಮೇಲೆ ನಿಂತು, ಇವತ್ತಿಂದ ಹರಿಗೋಲು ಮಗುಚಿ ಹಾಕ್ರಿ, ಮುಂದಿನ ಹುಣ್ಣಿಮೆವರೆಗೂ ಆಚೆಯಿಂದ ಒಂದು ನಾಯಿನೂ ಬರಕೂಡದು ಅಂದನಂತೆ. ಇದು ತಪ್ಪೇನಲ್ಲ ಮೇದಿನಿ. ಬೇನೆ ಬಂದಾಗ ದಾರಿ ಕಟ್ಟಬೇಕಾಗುತ್ತೆ. ಹುಲಿಗೆವ್ವನೂ ಮರುಮಾತಾಡದೆ ಹರಿಗೋಲು ಮಗುಚಿ ಹಾಕಿದಳಂತೆ. ಮನೇಲಿ ಬಸುರಿ ಮಗಳಿದ್ದಳಲ್ಲ.

ಮೂರನೇ ದಿನ ಇಳಿಹೊತ್ತಿಗೆ ಆಚೆ ದಡದಿಂದ ಕೂಗು ಬಂತಂತೆ. ಹುಲಿಗೀ, ಓ ಹುಲಿಗೀ. ಊರಿಗೆಲ್ಲ ಗೊತ್ತಿದ್ದ ಗಂಟಲು. ಹುಲಿಗೆವ್ವನ ಕೈ ತಾನಾಗೇ ಹುಟ್ಟಿಗೆ ಹೋಯ್ತಂತೆ. ನೀಲವ್ವ, ಅವ್ವಾ ದುರುಗತ್ತೆ ಅಂದಳು. ಹುಲಿಗೆವ್ವ, ಯಾವ ದುರುಗತ್ತೆ, ಗಾಳಿ ಅದು, ಒಳಗೆ ನಡಿ ಅಂದಳಂತೆ. ಎರಡನೇ ಕೂಗು ಬಂತು. ಓಣಿಯಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದು, ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಎಲ್ಲರೂ ಕಡೆಗೆ ಹುಲಿಗೆವ್ವನ ಮುಖ ನೋಡಿದರಂತೆ, ಕೂಗಿಗೆ ಓ ಅನ್ನಬೇಕಾದೋಳು ಅವಳೇ ತಾನೆ. ಅವಳಿಗೆ ಏನನ್ನಿಸ್ತೋ, ಓ ಅಂದರೆ ದುರುಗವ್ವ ಬಾ ಅಂತಾಳೆ, ಬಾ ಅಂದರೆ ನನ್ನ ಕಾಲು ನಿಲ್ಲಲ್ಲ, ಹೋದರೆ ಬೇನೆ ಮಗಳಿಗೆ ಬರುತ್ತೆ. ಮೂರನೇ ಕೂಗು ಇನ್ನೂ ಏಳೋಕೆ ಮುಂಚೆ ಅವಳು ಒಳಗೆ ಓಡಿ, ಬಚ್ಚಲ ಒಲೆ ಮೇಲಿದ್ದ ತಾಮ್ರದ ಹಂಡೆ ತಂದು ಅಂಗಳದಲ್ಲಿ ಬೋರಲು ಹಾಕಿ, ಕಬ್ಬಿಣದ ಸೌಟಿಂದ ಢಣ ಢಣ ಅಂತ ಬಡಿಯೋಕೆ ಶುರು ಮಾಡಿದಳಂತೆ. ಮಾರಿ ಓಡಿಸ್ರೋ, ಪಾತ್ರೆ ಬಡೀರೋ ಅಂತ ತಾನೇ ಕೂಗಿದಳಂತೆ. ಜನಕ್ಕೆ ಅಷ್ಟೇ ಬೇಕಾಗಿತ್ತು. ಒಬ್ಬ ತಟ್ಟೆ ತಂದ, ಒಬ್ಬಳು ಕೊಳಗ ತಂದಳು, ಊರಿಗೆ ಊರೇ ಬಡಿಯಿತು. ಆ ಗದ್ದಲದಲ್ಲಿ ಮೂರನೇ ಕೂಗು ಬಂತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ತಿಳಿಯೋದು ಯಾರಿಗೂ ಬೇಕಿರಲಿಲ್ಲ.

ಇಲ್ಲಿಗೆ ಬಂದರೆ ನಮ್ಮತ್ತೆ ಯಾವಾಗಲೂ, ಸಾಕು ಮಲಕ್ಕೋ, ಆಮೇಲೆ ದೇವಿ ಬಂದು ಎಲ್ಲರನ್ನೂ ಕಾಪಾಡಿದಳು ಅಂದುಬಿಡ್ತಿದ್ದರು. ಮೂರು ವರ್ಷ ಹಾಗೇ ಅಂದರು. ನಾನು ಬಿಡಲಿಲ್ಲ. ನಾಲ್ಕನೇ ವರ್ಷ ಗೋಡೆ ಕಡೆ ಮುಖ ಮಾಡಿಕೊಂಡು ಪೂರಾ ಹೇಳಿದರು.

ಹಂಡೆ ಬಡಿಯೋಕೆ ಶುರುವಾದ ಎರಡನೇ ದಿನವೂ ಕೂಗು ಬಂತಂತೆ, ಎರಡನೇ ದಿನವೂ ಬಡಿದರಂತೆ. ಮೂರನೇ ದಿನ ಕೂಗು ಬರೋದಕ್ಕೆ ಮೊದಲೇ ಜನ ಅಂಗಳದಲ್ಲಿ ತಟ್ಟೆ ಹಿಡಿದು ಕಾಯ್ತಿದ್ದರಂತೆ. ನಾಲ್ಕನೇ ದಿನ ಇಳಿಹೊತ್ತಾಯ್ತು, ಎಲ್ಲರೂ ಸೌಟು ಎತ್ತಿ ಹಿಡಿದು ನಿಂತರು, ಕೂಗು ಬರಲಿಲ್ಲ. ಹೊತ್ತು ಮುಳುಗಿತು, ಬರಲಿಲ್ಲ. ಎತ್ತಿದ ಕೈ ಒಬ್ಬೊಬ್ಬರೇ ಇಳಿಸಿ, ಯಾರ ಮುಖವನ್ನೂ ಯಾರೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಹುಲಿಗೆವ್ವ ಅವತ್ತು ಏನು ಮಾಡಿದಳು ಗೊತ್ತಾ? ಗೋಡೆ ಮೇಲೆ ಆ ಮೂರು ದಿನಕ್ಕೆ ಮೂರು ಕೆಮ್ಮಣ್ಣಿನ ಗೀಟು ಎಳೆದಳಂತೆ, ಹೋಗಿ ದಾಟಿಸಿ ಬಂದೋಳ ಹಾಗೆ. ನೀಲವ್ವ ನೋಡ್ತಾ ಕೂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಹುಲಿಗೆವ್ವನಿಗೆ ಭಯ ಎರಡಾಯ್ತಂತೆ. ಒಂದು ಬೇನೆದು, ಇನ್ನೊಂದು ಆ ಕೂಗಿಂದು. ಹೊತ್ತಿಗೆ ಹತ್ತು ಸಲ ಮಗಳ ಹಣೆ ಮುಟ್ಟೋಳು, ಹನ್ನೊಂದನೇ ಸಲ ಮುಟ್ಟಿದಾಗ ತನ್ನ ಕೈಯೇ ಬಿಸಿ ಅನ್ನಿಸಿ ತಣ್ಣೀರಲ್ಲಿ ಅದ್ದೋಳು. ಹೊಸ್ತಿಲಿಗೆ ಸಗಣಿ ಸಾರಿಸಿ ಸಾರಿಸಿ ಹೊಸ್ತಿಲೇ ಎರಡು ಬೆರಳು ದಪ್ಪ ಆಯ್ತಂತೆ. ಅನ್ನ ಕುದಿಯೋ ಸದ್ದು ಕೇಳಿದರೂ ಯಾರೋ ಹುಲಿಗೀ ಅಂದ ಹಾಗೆ. ಕಿವಿಗೆ ಅರಳೆ ಇಟ್ಟುಕೊಂಡಳಂತೆ, ಅರಳೆ ಇಟ್ಟಮೇಲೆ ಒಳಗಿನಿಂದಲೇ ಕೇಳೋಕೆ ಶುರುವಾಯ್ತು. ಇಷ್ಟೆಲ್ಲ ಮಾಡಿದರೂ ಬೇನೆ ನಿಲ್ಲಲಿಲ್ಲ. ಯಾವ ದಾರೀಲಿ ಬಂತೋ, ಈಚೆ ಊರಲ್ಲೂ ಮೂರು ಮನೆ ಮಲಗಿತಂತೆ. ಜನ ಆ ಮನೆಗಳ ಮುಂದೆ ಮುಳ್ಳು ತಂದು ಹಾಕಿ, ಒಳಗಿದ್ದೋರು ನೀರು ಕೇಳಿದರೆ ಮತ್ತೆ ತಟ್ಟೆ ಬಡಿಯೋಕೆ ಹೊರಟರಂತೆ. ಆ ಸದ್ದು ಕೇಳಿ ಹುಲಿಗೆವ್ವ, ಇದನ್ನ ಇವರಿಗೆ ಕಲಿಸಿದೋಳು ನಾನೇ ಅಂತ ಗೋಡೆಗೆ ಒರಗಿ ಕೂತುಬಿಟ್ಟಳಂತೆ. ಕಿವಿಯ ಅರಳೆ ಕಿತ್ತು ಒಲೆಗೆ ಹಾಕಿದಳಂತೆ.

ಮಾರನೇ ದಿನ ಹೊಳೆದಂಡೆಗೆ ಹೋದಳು. ಆಚೆ ದಡ ನೋಡ್ತಾ ನಿಂತಳು, ಬಾಯಿ ತೆರೆಯಲಿಲ್ಲ, ಹಾಗೇ ವಾಪಸು ಬಂದಳಂತೆ. ಎರಡನೇ ದಿನ ಹೋದಳು, ಬಾಯಿ ತೆರೆದಳು, ಬಂದ ಓ ಅನ್ನೋ ಸದ್ದು ಅವಳ ಕಾಲ ಹತ್ತಿರದ ಕಪ್ಪೆಗೂ ಕೇಳಿಸಲಿಲ್ಲವಂತೆ. ಮೂರನೇ ದಿನ ನಡುಮಟ್ಟ ನೀರಿಗೆ ಇಳಿದು, ದುರುಗವ್ವಾ, ಓ ದುರುಗವ್ವಾ, ಓ ಕಣೇ, ಓ ಅಂತ ಮೂರು ಸಲ ಕೂಗಿದಳಂತೆ. ಆಚೆಯಿಂದ ಒಂದು ಹಕ್ಕಿ ಕೂಡ ಮಾರುತ್ತರ ಕೊಡಲಿಲ್ಲ.

ದುರುಗವ್ವ ಸತ್ತೇಹೋದಳಾ ಅಜ್ಜಿ? ಅಂತ ಕೇಳಬೇಡ, ಹುಲಿಗೆವ್ವನೂ ಅದನ್ನೇ ಕೇಳ್ಕೊಂಡಳು, ಕೇಳ್ಕೊಂಡು ಮನೆಗೆ ಬಂದು ಹರಿಗೋಲು ನೆಟ್ಟಗೆ ಮಾಡಿದಳಂತೆ. ನೀಲವ್ವ ಬಾಗಿಲಿಗೆ ಬಂದಳು. ಅವ್ವಾ, ಹೆದರಿಕೆ ಹೋಯ್ತಾ? ಎಲ್ಲಿ ಹೋಗುತ್ತೆ ತಾಯಿ, ಹಾಗೇ ಇದೆ, ಅದನ್ನೂ ಕೂರಿಸಿಕೊಂಡೇ ಹೋಗ್ತೀನಿ. ಹಂಗಂದು ದೂರದಿಂದಲೇ ಮಗಳಿಗೆ ಕೈಯೆತ್ತಿ, ದಂಡೇಲಿ ಒಂದು ಗುಡಿಸಲಿದೆಯಲ್ಲ, ನಾನು ಬಂದಮೇಲೂ ಅಲ್ಲೇ ಇರ್ತೀನಿ, ನನ್ನ ಹತ್ತಿರ ಬರಬೇಡ ಅಂದು ಹೊರಟಳಂತೆ. ನಡುಹೊಳೇಲಿ ಹೆದರಿ ಹುಟ್ಟು ತಪ್ಪಿ ಹರಿಗೋಲು ಗಿರಗಿರ ತಿರುಗಿತಂತೆ. ಆಗ ಎದುರಿಗೆ ಖಾಲಿ ಜಾಗ ನೋಡಿ, ಅಲ್ಲಿ ಭಯ ಕೂತಿದೆ ಅನ್ನೋ ಹಾಗೆ, ನೆಟ್ಟಗೆ ಕೂತ್ಕೋ ಮಾರಾಯ್ತಿ, ಅಲ್ಲಾಡಿದರೆ ಇಬ್ಬರೂ ಮುಳುಗ್ತೀವಿ ಅಂತ ಗದರಿದಳಂತೆ. ಹರಿಗೋಲು ತಹಬಂದಿಗೆ ಬಂತು.

ಆಚೆ ದಡದಲ್ಲಿ ಒಂದು ಹಳೇ ಕಲ್ಲುಮಂಟಪ ಇತ್ತಂತೆ. ಅಲ್ಲಿ ಹೊಗೆ ಏಳ್ತಿತ್ತು. ಹೋಗಿ ನೋಡಿದರೆ ಸಾಲಾಗಿ ಹನ್ನೊಂದು ಜನ ಮಲಗಿದಾರೆ, ಎಲ್ಲ ಹೊಳೆ ದಾಟೋಕಾಗದೆ ಸಿಕ್ಕಿಬಿದ್ದ ದಾರಿಹೋಕರು. ನಮ್ಮತ್ತೆ ಒಂದು ಸಲ ಹನ್ನೆರಡು ಅಂದದ್ದುಂಟು, ಎರಡು ಸಲ ಹನ್ನೊಂದು ಅಂದರು, ಹಾಗಾಗಿ ನಾನು ಹನ್ನೊಂದು ಅಂತಲೇ ಬರೆದಿದ್ದೀನಿ. ಅವರ ನಡುವೆ ಮೂರು ಕಲ್ಲಿನ ಒಲೆ, ಒಲೆ ಮುಂದೆ ಗಂಜಿ ಕದಡ್ತಾ ದುರುಗವ್ವ ಕೂತಿದ್ದಳಂತೆ. ಮುಖ ಸೊರಗಿ ಅರ್ಧ ಆಗಿತ್ತು. ಹುಲಿಗೆವ್ವನ್ನ ನೋಡಿ ಬಾಯಿ ತೆರೆದರೆ ಬರೀ ಗಾಳಿ ಬಂತಂತೆ. ಒಂಬತ್ತು ಕೂಗು ಕೂಗಿ, ಆ ಸದ್ದಿನ ಮೇಲೆ ಕೂಗಿ ಕೂಗಿ, ಎಮ್ಮೆ ತಿಣುಕಿಸೋ ಆ ಗಂಟಲು ಒಡೆದುಹೋಗಿತ್ತು. ನಾಲ್ಕನೇ ದಿನ ಅವಳು ಕೂಗದೇ ಇದ್ದದ್ದಲ್ಲ, ಕೂಗಿಗೆ ಸದ್ದು ಇರಲಿಲ್ಲ ಅಷ್ಟೆ.

ಪಿಸುಮಾತಲ್ಲಿ ಕೇಳಿದಳಂತೆ, ಏನೇ ಹುಲಿಗಿ, ಊರಲ್ಲಿ ಮದುವೆ ಇತ್ತಾ? ಮೂರು ದಿನ ವಾದ್ಯ ಬಲು ಜೋರಾಗಿತ್ತು.

ಹುಲಿಗೆವ್ವನ ಬಾಯಿಗೆ ಮೂರು ಮಾತು ಬಂತಂತೆ. ಗೌಡ ಬೇಡ ಅಂದ ಅಂತ ಒಂದು, ಅದು ನಿಜವೇ, ಆದರೂ ನುಂಗಿದಳು. ಹರಿಗೋಲು ತೂತು ಬಿದ್ದಿತ್ತು ಅಂತ ಇನ್ನೊಂದು, ಅದನ್ನೂ ನುಂಗಿದಳು. ಮಾರಿ ಓಡಿಸೋಕೆ ಬಡಿದದ್ದು, ನಿನ್ನ ಕೂಗು ಕೇಳಿಸಲೇ ಇಲ್ಲ ಅಂತ ಮೂರನೇದು, ಅದು ನಾಲಗೆ ತುದಿಗೇ ಬಂದಿತ್ತಂತೆ, ಅದನ್ನ ನುಂಗೋಕೆ ಬಹಳ ಕಷ್ಟ ಆಯ್ತಂತೆ. ಕಡೆಗೆ, ಕೇಳಿಸ್ತು ಕಣೆ, ಮೂರು ದಿನವೂ ಕೇಳಿಸ್ತು, ಮೊದಲು ಬಡಿದೋಳು ನಾನೇ ಅಂದಳು.

ಗೊತ್ತು ಅಂದಳಂತೆ ದುರುಗವ್ವ. ನಿನ್ನ ಹಂಡೆ ಸದ್ದು ನನಗೆ ಗೊತ್ತಿಲ್ಲವಾ? ನೀಲಿ ಹುಟ್ಟಿದಾಗ ಹನ್ನೊಂದು ದಿನ ಅದರಲ್ಲೇ ಅಲ್ಲವಾ ನಾನು ನಿಮಗಿಬ್ಬರಿಗೂ ನೀರು ಕಾಯಿಸಿದ್ದು.

ಹುಲಿಗೆವ್ವನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತಂತೆ. ಕೂತಲ್ಲೇ ಮುಖಕ್ಕೆ ಸೆರಗು ಹಾಕಿಕೊಂಡಳು. ದುರುಗವ್ವ ಗಂಜಿ ಕದಡ್ತಾನೇ ಇದ್ದು, ಬೇನೆ ಇದೆ ದೂರ ಇರು ಅಂತ ಒಂದು ಮಾತು ಅಂದಿದ್ದರೆ ನಾನೇ ದೂರ ಇರ್ತಿದ್ದೆ ಕಣೆ, ನನಗೇನು ಊರ ಮಕ್ಕಳ ಮೇಲೆ ಕರುಳಿಲ್ಲವಾ? ನನ್ನ ದಾಟಿಸು ಅಂತ ಕೂಗಿದ್ದು ಮೊದಲನೇ ದಿನ ಮಾತ್ರ. ಆಮೇಲೆ ಎರಡು ದಿನ ಕೂಗಿದ್ದು ಬರೀ ಒಂದು ಓ ಅನ್ನಿ ಅಂತ ಅಂದಳಂತೆ. ಆಮೇಲೆ ಸೆರಗು ತೆಗಿ, ಅಳೋದಕ್ಕೆ ಬಂದಿದ್ದರೆ ದಾರಿ ಅಲ್ಲಿದೆ, ಕೆಲಸಕ್ಕೆ ಬಂದಿದ್ದರೆ ಸೌದೆ ಇಲ್ಲಿದೆ ಅಂದಳಂತೆ. ಹುಲಿಗೆವ್ವ ಊರಿಗೆ ಬಾ ಅಂದರೆ ದುರುಗವ್ವ ತಲೆ ಅಲ್ಲಾಡಿಸಿದಳು. ಈ ಹನ್ನೊಂದು ಜನ ಏಳೋವರೆಗೂ ಬರಲ್ಲ, ಎದ್ದಮೇಲೂ ಬರ್ತೀನೋ ಇಲ್ಲವೋ ನೋಡೋಣ.

ಹುಲಿಗೆವ್ವ ಸೌದೆ ಒಡೆದಳು. ಆವತ್ತಿಂದ ದಿನಾ ಅಕ್ಕಿ, ಉಪ್ಪು, ಹಳೇ ಬಟ್ಟೆ ಹೊತ್ತು ದಾಟೋಳಂತೆ, ಮಾರು ದೂರದಲ್ಲಿ ಕೂತು, ನೀರು ಕುದಿಸಿಯೇ ಕೊಡೋದು, ಮಲಗಿದೋರ ಪಾತ್ರೆ ಬೇರೆ ಇಡೋದು, ಕೈ ಬೂದಿಲಿ ತೊಳೆಯೋದು, ಎಲ್ಲ ನೋಡಿ ಕಲಿತಳಂತೆ. ಭರಮಗೌಡನಿಗೆ ಸುದ್ದಿ ಹೋಯ್ತು. ಜನ ಕಟ್ಟಿಕೊಂಡು ದಂಡೆಗೆ ಬಂದು, ಯಾರನ್ನ ಕೇಳಿ ಹರಿಗೋಲು ಬಿಟ್ಟೆ ಅಂದನಂತೆ. ಹುಲಿಗೆವ್ವ ಗುಡಿಸಲ ಮುಂದೆ ದೂರದಲ್ಲಿ ನಿಂತು, ಗೌಡ್ರೆ, ನಾನು ಊರೊಳಗೆ ಕಾಲಿಡಲ್ಲ, ನಿಮ್ಮ ಮಾತು ಮೀರಲ್ಲ. ಆದರೆ ಆಚೆ ದುರುಗವ್ವ ಇದಾಳೆ. ಅವಳು ಕೂಗಿದ್ದು ನನಗೆ ಕೇಳಿಸಿತ್ತು, ಮೊದಲು ಹಂಡೆ ಬಡಿದೋಳು ನಾನು, ಅದನ್ನ ಹೇಳೋದಕ್ಕೆ ನಿಂತಿದ್ದೀನಿ ಅಂದಳಂತೆ. ಗೌಡ, ನಿನಗೆ ಕೇಳಿಸಿರಬಹುದು, ನನಗೇನೂ ಕೇಳಿಸಿರಲಿಲ್ಲಪ್ಪ ಅಂತ ಜನರ ಕಡೆ ತಿರುಗಿದ. ಜನ ಎಲ್ಲ, ನಮಗೂ ಇಲ್ಲ, ನಮಗೂ ಇಲ್ಲ ಅಂದರಂತೆ. ಆಗ ಹಿಂದಿನಿಂದ ಗೌಡನ ತಾಯಿ, ಹಲ್ಲಿಲ್ಲದ ಮುದುಕಿ, ಕೋಲೂರಿಕೊಂಡು ಮುಂದೆ ಬಂದು, ಸುಳ್ಳು ಹೇಳಬೇಡ ಭರಮ, ನಿನ್ನ ಕೈಗೆ ತಟ್ಟೆ ಕೊಟ್ಟೋಳು ನಾನೇ, ಇನ್ನೂ ಜೋರಾಗಿ ಬಡಿ ಅಂದೋಳೂ ನಾನೇ ಅಂದಳಂತೆ. ನೀನು ಹುಟ್ಟುವಾಗ ಕಾಲು ಮುಂದಾಗಿ ಬಂದಿದ್ದೆ, ತಿರುಗಿಸಿ ತೆಗೆದೋಳು ಆ ದುರುಗವ್ವನ ತಾಯಿ. ಇವತ್ತು ಜನ ಮಲಗಿರೋ ಮೂರು ಮನೆಗಳ ಮುಂದೆ ಮುಳ್ಳು ಹಾಕಿಸಿದೀಯಲ್ಲೋ. ಗೌಡ ತಲೆ ಬಗ್ಗಿಸಿದ. ತಲೆ ಬಗ್ಗಿಸಿದೋನು ಎತ್ತಲೇ ಇಲ್ಲ, ಹಾಗೇ ನಡೆದುಹೋಗಿ ತನ್ನ ಕೈಯಾರೆ ಮುಳ್ಳು ಎಳೆದು ಹಾಕಿದನಂತೆ.

ಆಮೇಲೆ ಊರಲ್ಲಿ ಒಂದು ಹೊಸ ಪದ್ಧತಿ ಬಂತಂತೆ. ಹುಲಿಗೆವ್ವ ದಂಡೆಯಿಂದಲೇ ಕೂಗಿ ಹೇಳಿಕೊಟ್ಟಳು. ಬೇನೆ ಮನೆ ಹೊಸ್ತಿಲ ಹೊರಗೆ ಗಂಜಿ, ಕುದಿಸಿದ ನೀರು ಇಟ್ಟು, ದೂರ ಸರಿದು, ಹೆಸರು ಹಿಡಿದು ಕೂಗಬೇಕು. ಒಳಗಿನಿಂದ ಓ ಬರೋವರೆಗೂ ಅಲ್ಲಿಂದ ಕದಲಬಾರದು. ದಿನಾ ಬೆಳಿಗ್ಗೆ ಓಣಿ ತುಂಬಾ ಕೂಗು, ಓಣಿ ತುಂಬಾ ಓ. ಜನಕ್ಕೆ ಹೆದರಿಕೆ ಇದ್ದೇ ಇತ್ತಂತೆ, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹೋಗೋರು, ಆದರೆ ಹೋಗೋರು. ಮೂರು ಮನೆಯಲ್ಲಿ ಒಂದು ಮನೆಯ ಮುದುಕ ಹೋದ. ಉಳಿದೋರು ಎದ್ದು ಕೂತರು.

ಹುಣ್ಣಿಮೆ ಬಂತು, ಮಳೆ ಬಿತ್ತು, ಬೇನೆ ಇಳಿಯಿತು, ಮಂಟಪದಲ್ಲಿ ಎಂಟು ಜನ ಎದ್ದು ತಮ್ಮ ತಮ್ಮ ಊರು ಸೇರಿದರಂತೆ, ಮೂವರನ್ನ ದುರುಗವ್ವ ಅಲ್ಲೇ ಮಣ್ಣು ಮಾಡಿದ್ದಳು. ನೀಲವ್ವನಿಗೆ ದಿನ ತುಂಬಿತ್ತು. ಹೆರಿಗೆಗೆ ಬಾ ಅಂತ ಕರೆಯೋಕೆ ಹುಲಿಗೆವ್ವನಿಗೆ ಬಾಯಿಲ್ಲ. ಯಾವ ಮುಖ ಇಟ್ಟುಕೊಂಡು ಕರೀತಾಳೆ? ಮಂಟಪದ ಮುಂದೆ ಸೌದೆ ಇಳಿಸಿ ವಾಪಸು ಹರಿಗೋಲಿಗೆ ಬಂದಳಂತೆ. ದುರುಗವ್ವನೇ ತನ್ನ ಗಂಟು ತಗೊಂಡು ಬಂದು ಹರಿಗೋಲಲ್ಲಿ ಕೂತಳು. ಒಂದೂವರೆ ತಿಂಗಳಾಯ್ತು, ನಾನು ಲೆಕ್ಕ ಮರೆತಿಲ್ಲ, ನಡಿ. ನಿನಗೋಸ್ಕರ ಅಲ್ಲ, ನೀಲಿಗೋಸ್ಕರ ಅಂದಳಂತೆ.

ಈಚೆ ದಡದಲ್ಲಿ ಊರೇ ನಿಂತಿತ್ತು. ಯಾರೂ ಹಾರ ತರಲಿಲ್ಲ, ಜೈಕಾರ ಹಾಕಲಿಲ್ಲ. ದಾರಿ ಬಿಟ್ಟು ನಿಂತು, ಅವಳು ದಾಟುವಾಗ ಒಬ್ಬೊಬ್ಬರೂ ಮೆಲ್ಲಗೆ, ಕೇಳಿಸಿತ್ತು ತಾಯಿ ಅಂದರಂತೆ. ಗೌಡನೂ ಅಂದ. ಅವಳು ನಿಲ್ಲದೆ ನೀಲವ್ವನ ಹತ್ತಿರ ನಡೆದಳು. ಮಾರನೇ ಬೆಳಿಗ್ಗೆ ನೀಲವ್ವನಿಗೆ ಹೆಣ್ಣುಮಗು ಆಯ್ತು. ದುರುಗವ್ವ ತಿಣುಕೇ ಮಗಳೇ ಅಂತ ಪಿಸುಗುಟ್ಟಿಯೇ ಹೆರಿಗೆ ಮಾಡಿಸಿದಳಂತೆ, ಆ ಪಿಸುಮಾತು ಕೇಳಿ ಹೊರಗೆ ಕೂತ ಹೆಂಗಸರೆಲ್ಲ ಅತ್ತರಂತೆ. ಮಗು ಕೈಗೆ ಬಂದಮೇಲೆ ಹುಲಿಗೆವ್ವ ಒಂದು ಚೊಂಬು ನೀರು, ಒಂದು ಅಚ್ಚು ಬೆಲ್ಲ ತಂದು ಮುಂದೆ ಇಟ್ಟಳು. ದುರುಗವ್ವ ಕೈ ತೊಳೆದು, ಸೆರಗಲ್ಲಿ ಒರೆಸಿಕೊಂಡು, ನೀರು ಮುಟ್ಟದೆ ಎದ್ದು ಹೋದಳಂತೆ.

ಅವತ್ತು ಹುಲಿಗೆವ್ವ ಗೋಡೆ ಮುಂದೆ ಬಹಳ ಹೊತ್ತು ಕೂತಿದ್ದಳಂತೆ. ಆ ಮೂರು ಸುಳ್ಳು ಗೀಟು ಕೆರೆದು ಹಾಕಿ, ಅದೇ ಜಾಗದಲ್ಲಿ ಇದ್ದಿಲಿಂದ ಮೂರು ಕಪ್ಪು ಗೀಟು ಎಳೆದಳು. ಸಂತೆಗೆ ಹೋಗೋರು ಬಂದು ಇದೇನವ್ವ ಕೆಂಪಿನ ನಡುವೆ ಕಪ್ಪು ಅಂದರೆ, ಕೂತ್ಕೊಳ್ಳಿ ಹೇಳ್ತೀನಿ ಅಂತ ಪೂರಾ ಹೇಳೋಳಂತೆ. ಪ್ರತಿ ಸಲವೂ ಮುಖ ಕೆಂಪಾಗೋದು, ಆದರೂ ಹೇಳೋಳು. ದುರುಗವ್ವ ಮಾತ್ರ ದಿನಾ ಬರೋಳು, ಮಗುಗೆ ಎಣ್ಣೆ ಹಚ್ಚೋಳು, ನೀರೆರೆಯೋಳು, ಹೋಗೋಳು. ಹುಲಿಗೆವ್ವ ದಿನಾ ಚೊಂಬು ತಂದಿಡೋಳು, ದಿನಾ ಅದನ್ನ ತುಂಬಿದ ಹಾಗೇ ಒಳಗೆ ತಗೊಂಡು ಹೋಗಿ ಗಿಡಕ್ಕೆ ಹಾಕೋಳು. ಯಾಕೆ ಅಂತ ಒಂದು ದಿನವೂ ಕೇಳಲಿಲ್ಲವಂತೆ.

ಹೀಗೇ ಒಂದು ವರ್ಷ. ಮಗು ಗೋಡೆ ಹಿಡಿದು ಹೆಜ್ಜೆ ಇಡೋಕೆ ಶುರು ಮಾಡಿತು. ಒಂದು ಮಧ್ಯಾಹ್ನ ಸುಡುಬಿಸಿಲಲ್ಲಿ ದುರುಗವ್ವ ಎಲ್ಲೋ ಹೆರಿಗೆ ಮುಗಿಸಿ ಬಂದು ಜಗಲಿ ಮೇಲೆ ಕೂತಳಂತೆ. ಹುಲಿಗೆವ್ವ ಎಂದಿನ ಹಾಗೆ ಚೊಂಬು ತಂದಿಟ್ಟು ತಿರುಗಿದಳು. ಹಿಂದಿನಿಂದ ಆ ಒಡೆದ ಗಂಟಲು, ಏನೇ ಹುಲಿಗಿ, ಬೆಲ್ಲ ತರೋದು ಮರೆತೆಯಾ, ಬರೀ ನೀರು ಹೇಗೆ ಕುಡೀಲಿ ಅಂದಿತಂತೆ.

ಹುಲಿಗೆವ್ವ ಓ ಅಂದು ಒಳಗೆ ಓಡಿದಳಂತೆ.

ಅಲ್ಲಿಗೆ ಅವರಿಬ್ಬರೂ ಸುಖವಾಗಿದ್ದರು, ನಮ್ಮ ಕತೆಯೂ ದಡ ಸೇರಿತು. ಕಣ್ಣು ಮುಚ್ಚು ಮೇದಿನಿ.